ಮೊಟ್ಟೆ ಇಡದ ಕೋಳಿಗಳೂ ನನ್ನ ರಜೆಯೂ

ಮಸ್ಕತ್ತಿನಲ್ಲಿ ಪಶುವೈದ್ಯೆ ಅಂದರೆ ಇಡೀ ದಿನ ಒಂಟೆಯ ಬಾಯಿಗೆ ಕೈ ಹಾಕಿಕೊಂಡಿರುತ್ತೇನೆ ಅಂತ ಊರಿನವರು ತಿಳಿದಿದ್ದಾರೆ. ಒಂಟೆ, ಕುದುರೆ, ಆಡು ಎಲ್ಲ ನಮ್ಮ ಹಿರಿಯ ಡಾಕ್ಟರರ ಪಾಲು. ಗರಿ ಉದುರಿದ ಕೋಳಿ, ಮೊಟ್ಟೆ ನಿಲ್ಲಿಸಿದ ಕೋಳಿ ಮತ್ತು ಅವುಗಳನ್ನು ಸಾಕಿದವರು ನನ್ನ ಪಾಲು. ಕೋಳಿ ಪಾಪ, ಡಾಕ್ಟರ ಹತ್ತಿರ ಸುಳ್ಳು ಹೇಳುವುದಿಲ್ಲ. ಸಾಕಿದವರ ಬಗ್ಗೆ ಹಾಗೆ ಹೇಳುವಂತಿಲ್ಲ. ಆದ್ದರಿಂದ ನಮ್ಮ ಅಲ್ ಖುವೈರ್ ಕ್ಲಿನಿಕ್ಕಿನಲ್ಲಿ ಮುಂದೆ ಹೇಳುವಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ.

ಕಳೆದ ವರ್ಷ ಸೆಕೆ ಇಳಿಯುವ ಹೊತ್ತಿಗೆ ಪುತ್ತೂರಿನಲ್ಲಿ ನನ್ನ ತಮ್ಮನ ಮದುವೆ ನಿಶ್ಚಯವಾಯಿತು. ಇರುವವನು ಒಬ್ಬನೇ ತಮ್ಮ. ಅವನ ಮದುವೆಯನ್ನು ಮೊಬೈಲಿನಲ್ಲಿ ನೋಡುವುದಕ್ಕೆ ನನಗೆ ಮನಸ್ಸಿರಲಿಲ್ಲ. ಕ್ಲಿನಿಕ್ಕಿನ ಒಮಾನಿ ಯಜಮಾನರನ್ನು ನಾವೆಲ್ಲ ಅರ್ಬಾಬ್ ಅನ್ನುತ್ತೇವೆ. ಅವರ ಹತ್ತಿರ ರಜೆ ಕೇಳಿದೆ. "ಇನ್ ಶಾ ಅಲ್ಲಾ" ಅಂದರು. ಇಲ್ಲಿ ವರ್ಷಗಟ್ಟಲೆ ಇದ್ದವರಿಗೆ ಗೊತ್ತು, ‘ದೇವರಿಚ್ಛೆ’ ಅನ್ನುವ ಈ ಉತ್ತರದಲ್ಲಿ ಹೌದು ಕೂಡ ಉಂಟು, ಇಲ್ಲ ಕೂಡ ಉಂಟು. ವಿಮಾನದ ಟಿಕೆಟ್ ಮಾತ್ರ ಇಲ್ಲ.

"ಈಗ ಕೋಳಿಗಳ ಸೀಸನ್. ನೀನು ಹೋದರೆ ಅವನ್ನು ಯಾರು ನೋಡುತ್ತಾರೆ?" ಅಂತ ಕೇಳಿ ಅವರು ಎದ್ದು ಹೋದರು.

ಇಂಟರ್‌ಲಾಕ್ ಅಂಗಳ

ಉಡುಪಿ ಕಡೆಯ ದಂಪತಿ ಸೂಪರ್ ಮಾರ್ಕೆಟ್ಟಿನ ಚೀಲದಲ್ಲಿ ಒಂದು ಕೋಳಿಯನ್ನು ತಂದರು. ಚೀಲದಿಂದ ಹೊರಗೆ ತಲೆ ಮಾತ್ರ ಕಾಣುತ್ತಿತ್ತು. ತೆಗೆದು ನೋಡಿದರೆ ತಲೆಯೇ ವಾಸಿ, ಉಳಿದ ಕಡೆ ಗರಿ ಅಲ್ಲೊಂದು ಇಲ್ಲೊಂದು.

"ತಿನ್ಲಿಕ್ಕೆ ಎಂತ ಹಾಕ್ತೀರಿ?" ಅಂತ ಕೇಳಿದೆ.

"ಕುಚ್ಚಲಕ್ಕಿ ಅನ್ನ ಡಾಕ್ಟ್ರೇ. ನೀರುದೋಸೆ ಉಳಿದ್ರೆ ಅದು," ಅಂದರು ಹೆಂಡತಿ. "ನಮ್ಮ ಅಜ್ಜಿ ಇದನ್ನೇ ಹಾಕ್ತಾ ಇದ್ದದ್ದು. ಬುಟ್ಟಿ ತುಂಬ ಮೊಟ್ಟೆ ಸಿಗ್ತಿತ್ತು."

"ಅಜ್ಜಿ ಅನ್ನ ಹಾಕ್ತಿದ್ರು, ಹುಳ ಹುಪ್ಪಟೆ ಕೋಳಿಯೇ ಕೆದಕಿ ತಿಂತಿತ್ತು. ನಿಮ್ಮ ಅಂಗಳದಲ್ಲಿ ಕೆದಕ್ಲಿಕ್ಕೆ ಎಂತ ಉಂಟು?"

ಅವರು ಸ್ವಲ್ಪ ಯೋಚಿಸಿ, "ಇಂಟರ್‌ಲಾಕ್ ಕಲ್ಲು," ಅಂದರು.

ಗರಿಯೂ ಮೊಟ್ಟೆಯೂ ಬರೀ ಅನ್ನದಿಂದ ಆಗುವುದಿಲ್ಲ ಅಂತ ವಿವರಿಸಿ, ಮೊಟ್ಟೆಕೋಳಿಯ ಆಹಾರದ ಜೊತೆಗೆ ಉಪ್ಪು ಹಾಕದ ಒಣಮೀನಿನ ಪುಡಿ ಸ್ವಲ್ಪ ಕೊಡಿ ಅಂದೆ. ಅಲ್ಲಿಯವರೆಗೆ ಸುಮ್ಮನಿದ್ದ ಗಂಡ ಮುಂದೆ ಬಗ್ಗಿ, "ಅದ್ರಿಂದ ಗರಿ ಬರ್ತದಾ? ಗ್ಯಾರಂಟಿಯಾ?" ಅಂತ ಎರಡೆರಡು ಸಲ ಕೇಳಿದರು. ಅವರ ನೆತ್ತಿಯಲ್ಲಿ ಒಂದು ಕೂದಲೂ ಇರಲಿಲ್ಲ.

ತಿಂಗಳು ಕಳೆದ ಮೇಲೆ ಫೋನ್ ಮಾಡಿ, "ಹೇಗುಂಟು, ಗರಿ ಬಂತಾ?" ಅಂದೆ.

"ಒಣಮೀನೆಲ್ಲ ನಮ್ಮವರೇ ಚಟ್ನಿ ಮಾಡಿ ಮುಗಿಸಿದ್ರು ಡಾಕ್ಟ್ರೇ," ಅಂದರು ಹೆಂಡತಿ. "ಕೋಳಿಗೂ ಬರ್ಲಿಲ್ಲ, ಅವರಿಗೂ ಬರ್ಲಿಲ್ಲ."

ವೀಸಾ ಕ್ಯಾನ್ಸಲ್

ಮತ್ರಾದ ಸೂಕ್ ಮಾರ್ಕೆಟ್ಟಿನಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿರುವ ಬ್ಯಾರಿ ಕಾಕಾ ಒಬ್ಬರಿದ್ದಾರೆ. ಅವರ ಹೇಂಟೆಗಳ ಕತ್ತು ಸರಿ, ಹೊಟ್ಟೆ ಸರಿ, ಬೆನ್ನು ಮಾತ್ರ ಬೋಳು. ಇದಕ್ಕೆ ಸೂಕ್ಷ್ಮದರ್ಶಕ ಬೇಡ.

"ಕಾಕಾ, ಹುಂಜ ಎಷ್ಟು ಉಂಟು?"

"ಜಾಸ್ತಿ ಎಂತ ಇಲ್ಲ ಡಾಕ್ಟ್ರಮ್ಮ. ನಾಲ್ಕು."

"ಹೇಂಟೆ?"

"ಐದು."

ರೋಗ ಸ್ಪಷ್ಟವಿತ್ತು. ಆದರೆ ಬಿಳಿಗಡ್ಡದ ಹಿರಿಯರಿಗೆ ಅದನ್ನು ಬಿಡಿಸಿ ಹೇಳುವುದು ಹೇಗೆ? ಹುಂಜ ಹತ್ತಿ ಹತ್ತಿ ಬೆನ್ನಿನ ಗರಿ ಹೋಗಿದೆ ಅನ್ನುವುದನ್ನು ಅವರದೇ ವ್ಯಾಪಾರದ ಮಾತಿನಲ್ಲಿ ಹೇಳಿದೆ.

"ನಿಮ್ಮ ಅಂಗಡಿಗೆ ಐದು ಗಿರಾಕಿ ಬಂದ್ರು ಅಂತ ಇಟ್ಕೊಳ್ಳಿ. ನಾಲ್ಕು ಸೇಲ್ಸ್‌ಮನ್ ಬೆಳಗ್ಗಿಂದ ಸಂಜೆವರೆಗೆ ಅವರ ಬೆನ್ನು ಬಿಡದಿದ್ರೆ ಎಂತ ಆಗ್ತದೆ?"

"ಗಿರಾಕಿ ಓಡಿ ಹೋಗ್ತಾರೆ."

"ಕೋಳಿಗೆ ಓಡ್ಲಿಕ್ಕೆ ಜಾಗ ಇಲ್ಲ ಕಾಕಾ."

ಕಾಕಾ ಗಡ್ಡ ನೀವಿಕೊಂಡು ಗಂಭೀರವಾಗಿ ಹೇಳಿದರು, "ಹಾಗಾದ್ರೆ ಮೂರು ಜನರ ವೀಸಾ ಕ್ಯಾನ್ಸಲ್. ಖಲಾಸ್."

ಎರಡು ದಿನ ಬಿಟ್ಟು ಕ್ಲಿನಿಕ್ಕಿಗೆ ದೊಡ್ಡ ಪಾತ್ರೆಯಲ್ಲಿ ಬಿರಿಯಾನಿ ಬಂತು. ಮಾಂಸ ಸ್ವಲ್ಪ ಗಟ್ಟಿ, ಆದರೆ ರುಚಿಗೆ ಕೊರತೆ ಇರಲಿಲ್ಲ. ಅರ್ಬಾಬ್ ಎರಡು ಸಲ ಬಡಿಸಿಕೊಂಡರು. ಸಮಯ ನೋಡಿ ರಜೆಯ ಮಾತೆತ್ತಿದೆ. ಕೈ ನೆಕ್ಕುತ್ತಾ "ಇನ್ ಶಾ ಅಲ್ಲಾ" ಅಂದರು. ನಾನೇ ಬರೆದ ಚಿಕಿತ್ಸೆಯನ್ನು ನಾನೇ ಉಂಡದ್ದು ಅದೇ ಮೊದಲು.

ಎಸಿ ಕೋಣೆ

ರೂವಿಯ ಕಂಪನಿಯೊಂದರಲ್ಲಿ ಅಕೌಂಟೆಂಟ್ ಆಗಿರುವ ಮಂಗಳೂರಿನವರು ಸೆಕೆಗೆ ಕೋಳಿಗಳು ಬಾಯಿ ತೆರೆದು ಏದುಸಿರು ಬಿಡುವುದನ್ನು ನೋಡಲಾರದೆ, ಅವನ್ನು ಮನೆಯ ಖಾಲಿ ಕೋಣೆಗೆ ಸೇರಿಸಿ ಎಸಿ ಹಾಕಿದ್ದರು. ತಂಪು ಹೊರಗೆ ಹೋಗದಿರಲಿ ಅಂತ ಕಿಟಕಿಗೆ ದಪ್ಪ ಕಪ್ಪು ಪರದೆಯನ್ನೂ ಎಳೆದರು. ಮೊಟ್ಟೆ ನಿಂತಿತು. ಕೋಣೆ ತುಂಬ ಗರಿ.

"ಕೋಳಿಗೆ ಬೆಳಕು ಬೇಕು ಮಾರಾಯ್ರೆ," ಅಂದೆ. "ಹಗಲು ಸಣ್ಣದಾಯ್ತು ಅಂತ ಕಂಡ್ರೆ ಅದು ಮೊಟ್ಟೆ ನಿಲ್ಲಿಸಿ, ಹಳೇ ಗರಿ ಬಿಟ್ಟು ಹೊಸ ಗರಿ ಬೆಳೆಸ್ಲಿಕ್ಕೆ ಕೂತ್ಕೊಳ್ತದೆ. ನೀವು ಪರದೆ ಎಳೆದು ಅವಕ್ಕೆ ಡಿಸೆಂಬರ್ ತಂದು ಕೊಟ್ಟಿದ್ದೀರಿ."

ಅವರ ಮಗಳು ಬಾಗಿಲಲ್ಲಿ ನಿಂತು ಇಂಗ್ಲಿಷಿನಲ್ಲೇ ಅಪ್ಪನಿಗೆ ಅರ್ಥ ಹೇಳಿದಳು, "ಡ್ಯಾಡಿ, ದೇ ಆರ್ ಆನ್ ವೆಕೇಷನ್!"

ಆ ಕೋಳಿಗಳ ಮೇಲೆ ನನಗೆ ಬಂದ ಹೊಟ್ಟೆಕಿಚ್ಚು ಅಷ್ಟಿಷ್ಟಲ್ಲ. ಅರ್ಜಿಯನ್ನೇ ಹಾಕದೆ ಅವಕ್ಕೆ ಸಂಬಳ ಸಹಿತ ರಜೆ ಸಿಕ್ಕಿತ್ತು.

ಅರ್ಬಾಬರ ತಾಯಿ

ಮದುವೆ ಹತ್ತಿರ ಬಂತು. ಅಮ್ಮ ದಿನಾ ಫೋನಿನಲ್ಲಿ, "ನೀನು ಬರ್ತೀಯಾ ಇಲ್ವಾ, ಸರಿಯಾಗಿ ಹೇಳು" ಅನ್ನುತ್ತಿದ್ದರು. ನಾನು ಅವರಿಗೂ "ಇನ್ ಶಾ ಅಲ್ಲಾ" ಅನ್ನಲು ಶುರುಮಾಡಿದ್ದೆ. ಅಷ್ಟರಲ್ಲಿ ಅರ್ಬಾಬ್ ಒಂದು ಬೆಳಿಗ್ಗೆ, "ಯಲ್ಲಾ, ಹೊರಡು, ನನ್ನ ತಾಯಿಯ ಕೋಳಿಗಳನ್ನು ನೋಡಬೇಕು" ಅಂತ ಕಾರಿಗೆ ಹತ್ತಿಸಿದರು.

ಒಮಾನಿ ಮನೆಯಲ್ಲಿ ಹೋದ ಕೂಡಲೇ ಕೆಲಸದ ಮಾತಿಲ್ಲ. ಮೊದಲು ಖರ್ಜೂರ, ಆಮೇಲೆ ಕಾವಾ ಕಾಫಿ, ಜೊತೆಗೆ ಸಮಾಚಾರ. ಅರ್ಬಾಬರ ತಾಯಿ, ಆ ಅಜ್ಜಿ, ನನ್ನ ಗಂಡ, ಮಕ್ಕಳು, ಅಮ್ಮನ ಮಂಡಿನೋವು, ತಮ್ಮನ ಮದುವೆ ಎಲ್ಲ ವಿಚಾರಿಸಿದ ಮೇಲಷ್ಟೇ ಕೋಳಿಗೂಡಿನ ಬಾಗಿಲು ತೆರೆಯಿತು.

ಮೂರು ಹೇಂಟೆ, ಒಂದು ಹುಂಜ. ರೆಕ್ಕೆಯ ಕೆಳಗೆ ಹೇನಿಲ್ಲ, ಗೂಡಿನ ಸಂದಿಯಲ್ಲಿ ಉಣ್ಣೆ ಹುಳ ಇಲ್ಲ. ಉದುರಿದ ಜಾಗದಲ್ಲಿ ಹೊಸ ಗರಿಯ ಮೊಳಕೆಗಳು ಕಾಣುತ್ತಿದ್ದವು. ಗರಿಯ ಬಗ್ಗೆ ಭಯವಿರಲಿಲ್ಲ. ಆದರೆ ಹೇಂಟೆಗಳ ಕಾಲಿನ ಹುರುಪೆ ನೋಡಿದರೆ ಅವು ನನಗಿಂತ ಮೊದಲೇ ಒಮಾನಿನಲ್ಲಿ ಇದ್ದವು ಅನ್ನಿಸಿತು. ಇನ್ನೆಲ್ಲಿಯ ಮೊಟ್ಟೆ?

ಅರ್ಬಾಬ್ ಹಿಂದಿಯಲ್ಲಿ ಪಿಸುಗುಟ್ಟಿದರು, "ಮೊಟ್ಟೆ ಇಡುವುದಿಲ್ಲ ಅಂತ ಅಮ್ಮನ ಹತ್ತಿರ ಹೇಳಬೇಡ. ಇಟ್ಟರೆ ನಿನ್ನ ರಜೆ ಖಂಡಿತ."

ಕಲಿತ ವಿದ್ಯೆ ಬಾಯಿ ಮುಚ್ಚಲು ಬಿಡಲಿಲ್ಲ. ನನ್ನ ಹರಕು ಅರಬಿಯಲ್ಲಿ, "ಅಮ್ಮಾ, ಇವಕ್ಕೆ ವಯಸ್ಸಾಗಿದೆ" ಅಂದೆ.

ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನನಗೂ ಆಗಿದೆ. ನನ್ನನ್ನು ಏನು ಮಾಡಬೇಕು ಅಂತೀಯ?"

ಅರ್ಬಾಬರ ಮುಖ ನೋಡುವ ಧೈರ್ಯ ಬರಲಿಲ್ಲ. ವಿಟಮಿನ್ ಬಾಟಲಿಯೊಂದನ್ನು ಕೊಟ್ಟು, "ಪ್ರಯತ್ನ ಮಾಡೋಣ" ಅಂತ ಹೇಳಿ ಹೊರಬಿದ್ದೆ. ಮದುವೆಯನ್ನು ಮನಸ್ಸಿನಲ್ಲೇ ಮೊಬೈಲಿಗೆ ವರ್ಗಾಯಿಸಿದೆ. ನಿಜ ಹೇಳಬೇಕೆಂದರೆ, ಆ ಸಂಜೆ ಅತ್ತುಬಿಟ್ಟೆ.

ವಾರ ಕಳೆಯುವುದರೊಳಗೆ ಕರೆ ಬಂತು. ಕೋಳಿಗಳು ಮೊಟ್ಟೆ ಇಟ್ಟಿವೆ, ದಕ್ತೂರಾ, ಅಂದರೆ ಡಾಕ್ಟ್ರಮ್ಮ, ಕೂಡಲೇ ಬರಬೇಕಂತೆ.

ಹೋಗಿ ನೋಡುತ್ತೇನೆ, ಅಜ್ಜಿಯ ಮುಂದೆ ಒಂದು ತಟ್ಟೆ. ಮೂರು ಮುದಿ ಹೇಂಟೆ, ಒಂದೇ ಬೆಳಿಗ್ಗೆ, ಹದಿನಾಲ್ಕು ಮೊಟ್ಟೆ! ಕೆಲವು ಬಿಳಿ, ಕೆಲವು ಕಂದು. ಅರ್ಬಾಬ್ ಚಾವಣಿಯ ಫ್ಯಾನ್ ನೋಡುತ್ತಿದ್ದರು. ಅವರ ಹೆಂಡತಿ ಶಾಲು ಸರಿಮಾಡಿಕೊಳ್ಳುತ್ತಿದ್ದರು. ಅಡುಗೆಯವನು ನೆಲ ನೋಡುತ್ತಿದ್ದ. ಅಜ್ಜಿಯ ಸಂತೋಷಕ್ಕೆಂದು ಮೂವರೂ ಒಬ್ಬರಿಗೊಬ್ಬರು ಹೇಳದೆ ಗೂಡಿನಲ್ಲಿ ಮೊಟ್ಟೆ ಇಟ್ಟು ಬಂದಿದ್ದಾರೆ ಅಂತ ನನಗೆ ತಕ್ಷಣ ಹೊಳೆಯಿತು.

ಅಜ್ಜಿ ಒಂದನ್ನು ಎತ್ತಿ ನನ್ನ ಕೆನ್ನೆಗೆ ಒತ್ತಿದರು. ಫ್ರಿಜ್ಜಿನ ತಂಪು. ಇನ್ನೊಂದನ್ನು ತಿರುಗಿಸಿ ತೋರಿಸಿದರು. ಕೆಂಪು ಶಾಯಿಯಲ್ಲಿ ತಾರೀಖಿನ ಮೊಹರು. ಮೂರನೆಯದನ್ನು ತಟ್ಟೆಯ ಅಂಚಿಗೆ ಕುಟ್ಟಿ, ಸಿಪ್ಪೆ ಸುಲಿದು, ಉಪ್ಪು ಉದುರಿಸಿಕೊಂಡು ತಿಂದೇಬಿಟ್ಟರು. ಬೇಯಿಸಿದ ಮೊಟ್ಟೆ! ಅಡುಗೆಯವನು ಇನ್ನಷ್ಟು ಬಗ್ಗಿದ.

"ಇದು ನಿನ್ನ ಔಷಧಿಯಿಂದ ಆದದ್ದಾ ದಕ್ತೂರಾ?" ಅಂತ ಕೇಳಿದರು.

ಹೌದು ಅಂದರೆ ಸುಳ್ಳು, ಅಲ್ಲ ಅಂದರೆ ಅರ್ಬಾಬರ ಮಾನ ಹೋಗುತ್ತದೆ, ಜೊತೆಗೆ ನನ್ನ ರಜೆಯೂ. "ನನ್ನ ಔಷಧಿಗೆ ಇಷ್ಟು ಶಕ್ತಿ ಇಲ್ಲ ಅಮ್ಮಾ," ಅಂದೆ. "ಇವರಿಗೆಲ್ಲ ನಿಮ್ಮ ಮೇಲೆ ಪ್ರೀತಿ ಜಾಸ್ತಿ."

ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣೊರೆಸಿಕೊಂಡು ಮಗನ ಕಡೆ ತಿರುಗಿದರು.

"ಇವಳನ್ನು ಇವತ್ತೇ ತಮ್ಮನ ಮದುವೆಗೆ ಕಳಿಸು. ಇನ್ನೊಂದು ವಾರ ಇವಳ ಔಷಧಿ ನಡೆದರೆ ನನ್ನ ಹುಂಜ ಆಮ್ಲೆಟ್ ಇಡುತ್ತದೆ."