ನಿಲ್ಲದ ಪ್ರೋಗ್ರಾಂ, ಖಾಯಂ ಆಗದ ಮೇಷ್ಟ್ರು

ಕಂಪ್ಯೂಟರ್ ಕಲಿಸುವವರಿಗೆ ಇಂಥವು ಆಗುತ್ತಲೇ ಇರುತ್ತವೆ. ಕೇಳಿದವರು ನಗುತ್ತಾರೆ, ನನಗೆ ಇವತ್ತಿಗೂ ಮೈ ಉರಿಯುತ್ತದೆ.

ತೊಂಬತ್ತರ ದಶಕದಲ್ಲಿ ಶಿವಾಜಿನಗರದ ಒಂದು ಬಟ್ಟೆ ಅಂಗಡಿಯ ಮೇಲಿದ್ದ ಕಂಪ್ಯೂಟರ್ ಕ್ಲಾಸಿನಲ್ಲಿ ನಾನು ಮೇಷ್ಟ್ರು. ಆರು ತಿಂಗಳು ಪ್ರೊಬೇಷನ್, ಆಮೇಲೆ ಖಾಯಂ ಎಂದಿದ್ದರು ಮಾಲೀಕರು. ಲೂಪ್ ಎಂದರೇನೆಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಒಂದೇ ಕೆಲಸವನ್ನು ಕಂಪ್ಯೂಟರಿನಿಂದ ಮತ್ತೆ ಮತ್ತೆ ಮಾಡಿಸುವುದು ಲೂಪ್. ಎಲ್ಲಿ ನಿಲ್ಲಬೇಕೆಂದು ನಾವೇ ಬರೆಯಬೇಕು. ಬರೆಯದಿದ್ದರೆ ಅದು ನಿಲ್ಲುವುದಿಲ್ಲ. ಅದಕ್ಕೆ ಬುದ್ಧಿಯಿಲ್ಲ. ಮಾಲೀಕರಿಗೂ ಇರಲಿಲ್ಲ.

೧. ಓಡುವ ಪರದೆ

ಒಬ್ಬ ಹುಡುಗಿಯ ಪ್ರೋಗ್ರಾಂ ನಿಲ್ಲದೆ ಅಂಕಿಗಳನ್ನು ಸುರಿಸುತ್ತಿತ್ತು. ಮಾಲೀಕರು ಅವಳ ತಂದೆಯನ್ನು ಕರೆತಂದು ಪರದೆ ತೋರಿಸಿದರು.

"ನೋಡಿ ಸಾರ್, ನಿಮ್ಮ ಮಗಳು ಬರೆದಿದ್ದು. ಬೆಳಿಗ್ಗೆಯಿಂದ ಒಂದು ನಿಮಿಷ ನಿಂತಿಲ್ಲ."

ಹೆಮ್ಮೆಯಿಂದ ತಂದೆಯ ಕಣ್ಣು ತುಂಬಿಬಂತು. ನಾನು ಓಡಿಹೋಗಿ ನಿಲ್ಲಿಸಿದೆ. ಪ್ರೋಗ್ರಾಂ ತಪ್ಪಾಗಿತ್ತು, ನಿಲ್ಲಿಸಲೇಬೇಕಿತ್ತು, ಅದಕ್ಕೆ.

ತಂದೆ ನನ್ನನ್ನೇ ದಿಟ್ಟಿಸಿ, "ಈ ಮೇಷ್ಟ್ರಿಗೆ ಹೊಟ್ಟೆಕಿಚ್ಚು ಜಾಸ್ತಿ. ಮಗಳನ್ನ ಬೇರೆ ಬ್ಯಾಚಿಗೆ ಹಾಕಿ" ಎಂದರು.

೨. ಎಲ್ಲಿ ನಿಲ್ಲುತ್ತದೆ?

ರೇಗಿ ಒಂದು ನಿಯಮ ಮಾಡಿದೆ. ಲೂಪ್ ಬರೆಯುವ ಮೊದಲು, ಅದು ಯಾವಾಗ ನಿಲ್ಲುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯಬೇಕು. ನಿಂತ ಮೇಲೆ ಬರೆಯುವುದಲ್ಲ, ಮೊದಲು.

ಒಬ್ಬ ಬರೆದಿದ್ದ: "ಸಾರ್ ಬಂದು ಬೈದಾಗ."

ಪಕ್ಕದವನು ಇನ್ನೂ ಜಾಣ: "ಕರೆಂಟ್ ಹೋದಾಗ."

ಬೈಯಲು ಬಾಯಿ ತೆರೆದೆ. ಕರೆಂಟ್ ಹೋಯಿತು. ಕ್ಲಾಸಿನ ಎಂಟೂ ಕಂಪ್ಯೂಟರ್ ನಿಂತವು. ಅವನು ಕತ್ತಲಲ್ಲೇ, "ಸಾರ್, ಮಾರ್ಕ್ಸ್?" ಎಂದ.

೩. ಖಾಯಂ

ಅಷ್ಟರಲ್ಲಿ ನನ್ನ ಪ್ರೊಬೇಷನ್ ಎರಡು ಸಲ ಮುಂದಕ್ಕೆ ಹೋಗಿತ್ತು. ಈ ಸಲ ಎಲ್ಲರೂ ಪಾಸಾದರೆ ಖಾಯಂ ಎಂದರು ಮಾಲೀಕರು. ಪರೀಕ್ಷೆಯ ದಿನ ಎಂಟೂ ಪ್ರೋಗ್ರಾಂಗಳು ಒಂದರಿಂದ ಹತ್ತರವರೆಗೆ ಎಣಿಸಿ, ಕಣ್ಣು ಮಿಟುಕಿಸುವಷ್ಟರಲ್ಲಿ ನಿಂತವು. ಎಲ್ಲರೂ ಪಾಸ್.

ಮಾಲೀಕರು ಮುಖ ಗಂಟಿಕ್ಕಿ, "ಇಷ್ಟು ಬೇಗ ಮುಗಿಯೋ ಕೆಲಸ ಕಲಿಸಿದ್ದೀರಲ್ರೀ. ಇನ್ನಾರು ತಿಂಗಳು ನೋಡೋಣ" ಎಂದರು.

"ಆಮೇಲೆ, ಸಾರ್?"

"ಆಮೇಲೆ ಮತ್ತೆ ನೋಡೋಣ."

ಅಲ್ಲೇ ನಿಂತು ರಾಜೀನಾಮೆ ಬರೆದು ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿ, ಮಡಚಿ, ನನ್ನ ಕೈಗೇ ಕೊಟ್ಟರು.

"ಇದನ್ನ ತಗೊಳ್ಳೋಕೆ ಬರಲ್ಲ ಕಣ್ರೀ. ನಮ್ಮಲ್ಲಿ ರಾಜೀನಾಮೆ ಕೊಡ್ಬೇಕು ಅಂದ್ರೆ ಮೊದಲು ಖಾಯಂ ಆಗಿರ್ಬೇಕು."