ಮುತ್ಯಾ ಟೈಪಿಂಗ್ ಕಲಿತದ್ದು

ಕಂಪ್ಯೂಟರ್ ಕ್ಲಾಸ್ ನಡೆಸುವವನಿಗೆ ದಿನಕ್ಕೊಂದು ವಿಚಿತ್ರ ಎದುರಾಗುತ್ತದೆ. ನನ್ನಂಥ ಗಟ್ಟಿಗುಂಡಿಗೆಯವನಿಗೆ ಎರಡು. ಅಬ್ಬಿಗೇರಿಯಿಂದ ಬಂದು ರೋಣದಲ್ಲಿ ಕ್ಲಾಸ್ ತೆರೆದವನು ನಾನು. ವೈರಿಲ್ಲದ ಕೀಬೋರ್ಡನ್ನು ಹುಬ್ಬಳ್ಳಿಯಿಂದ ತಂದವನು ನಾನು. ಅದನ್ನು ಊರೆಲ್ಲ ಹೇಳಿಕೊಂಡು ತಿರುಗಿದವನೂ ನಾನೇ.

೧. ಬರ್ರಿ ಅಂದವರು ಯಾರು?

ಒಂದು ಇಳಿಹೊತ್ತು. ಕನ್ನಡ ಟೈಪಿಂಗ್ ಕಲಿಯುವ ಹುಡುಗಿ ಕೈಕಟ್ಟಿ ಕೂತಿದ್ದಳು. ಒಂದು ಕೀಲಿಯೂ ಅಲುಗಲಿಲ್ಲ. ಪರದೆಯ ಮೇಲೆ ಮಾತ್ರ ಒಂದೊಂದೇ ಅಕ್ಷರ ಮೂಡತೊಡಗಿತು. ಮೊದಲು 'ಕೈಲಾಸವಾಸಿ'. ಆಮೇಲೆ ಒಂದು ಹೆಸರು.

"ಸರ, ನಾ ಮುಟ್ಟಿಲ್ರಿ! ಇದು ನಮ್ಮ ಮುತ್ಯಾನ, ನಮ್ಮಪ್ಪನ ಅಪ್ಪನ ಹೆಸರ್ರಿ. ಮೊನ್ನೆ ತೀರಿಕೊಂಡಾನ್ರಿ!"

ಅಷ್ಟರಲ್ಲಿ ಮುಂದಿನ ಸಾಲು ಬಂತು: 'ತಾವೆಲ್ಲರೂ ತಪ್ಪದೇ ಬರಬೇಕು.'

ಹುಡುಗಿ ಚಪ್ಪಲಿ ಬಿಟ್ಟು ಓಡಿದಳು, ಉಳಿದವರು ಅವಳ ಹಿಂದೆ. ನಾನು ಹೆದರಲಿಲ್ಲ. ಕೀಬೋರ್ಡ್ ಎಳೆದುಕೊಂಡು ಹೊಡೆದೆ: 'ನಾ ರೋಣದ ಹುಲಿ. ಧೈರ್ಯ ಇದ್ದರ ಎದುರಿಗೆ ಬಾ.' ಉತ್ತರಕ್ಕೆ ಕಾಯಲಿಲ್ಲ. ಹುಲಿಗೆ ಹೊರಗೆ ಸ್ವಲ್ಪ ಕೆಲಸವಿತ್ತು.

೨. ಖಾಲಿ ಕುರ್ಚಿಗಳು

ಮರುದಿನದಿಂದ ಒಬ್ಬರೂ ಬರಲಿಲ್ಲ. ಖಾಲಿ ಕುರ್ಚಿಯ ಮುಂದೆ ಅಕ್ಷರಗಳು ಮಾತ್ರ ಬರುತ್ತಲೇ ಇದ್ದವು; ದಿನಕ್ಕೊಬ್ಬ ಹೊಸ ಕೈಲಾಸವಾಸಿ. ಕ್ಲಾಸ್ ಮುಚ್ಚಿದರೆ ಅಬ್ಬಿಗೇರಿಗೆ ಹೋಗಿ ಅಣ್ಣನ ಟ್ರ್ಯಾಕ್ಟರ್ ತೊಳೆಯಬೇಕು. ನರಗುಂದದ ಕಂಪ್ಯೂಟರ್ ರಿಪೇರಿಯವನಿಗೆ ಫೋನ್ ಹಚ್ಚಿದೆ.

"ಮುಂದಿನ ರವಿವಾರ ಗಜೇಂದ್ರಗಡದಾಗ ನಾವು ಕಂಪ್ಯೂಟರ್ ಮಂದಿ ಎಲ್ಲಾ ಕೂಡತೀವಿ. ಬಂದು ನಾಕ ಮಂದಿ ಮುಂದ ಹೇಳು."

"ನನಗ ಗೊತ್ತಿರಲಾರದ್ದು ಆ ನಾಕ ಮಂದಿಗೆ ಏನ ಗೊತ್ತೈತಿ?"

"ಮತ್ತ ನನಗ್ಯಾಕ ಫೋನ್ ಮಾಡಿದಿ?"

ಸಿಗ್ನಲ್ ಹೋಯಿತು ಎಂದು ಹೇಳಿ ಇಟ್ಟುಬಿಟ್ಟೆ. ಅದು ಲ್ಯಾಂಡ್‌ಲೈನ್ ಫೋನು.

೩. ಇನ್ನೊಂದು ದೆವ್ವ

ಗಜೇಂದ್ರಗಡದ ಮಂಟಪದಲ್ಲಿ ರೋಣ, ನರಗುಂದ, ಗಜೇಂದ್ರಗಡ ಮೂರೂ ಊರಿನವರು ಕೂಡಿದ್ದರು. ಮೈಕ್ ಹಿಡಿದು ಶುರು ಮಾಡಿದೆ: "ನಮ್ಮ ಕ್ಲಾಸಿನ್ಯಾಗ ದೆವ್ವಕ್ಕೂ ಟೈಪಿಂಗ್ ಬರತೈತಿ!"

ಯಾರೂ ನಗಲಿಲ್ಲ. ಹಿಂದಿನ ಸಾಲಿನಿಂದ ಡಿಟಿಪಿ ಕೆಲಸದ ಚಾಚಾ ಒಬ್ಬರು ಎದ್ದರು.

"ನನ್ನ ಕಂಪ್ಯೂಟರಿನಾಗೂ ಒಂದ ಐತಪಾ. ಕಾಗದ ನೋಡ್ಕೋತ ಸತ್ತವರ ಶಿವಗಣಾರಾಧನಿ ಊಟದ ಕಾರ್ಡ್ ಹೊಡೀತಿದ್ದೆ. ಕಡೀಕ ಅದು ಬಂದು, ತಾ ಹುಲಿ ಅಂತ ಬರದೈತಿ. ನೋಡಲಿಲ್ಲ, ಹಂಗ ಪ್ರಿಂಟ್ ಆಗಿ ಹಂಚಿನೂ ಹೋತು."

ಹುಲಿ ಯಾರೆಂದು ಗೊತ್ತಿದ್ದ ಸಭೆಯೆಲ್ಲ ನನ್ನ ಕಡೆ ತಿರುಗಿತು. ನರಗುಂದದವನು ಕೇಳಿದ: "ಚಾಚಾ, ನಿಮ್ಮ ಕೀಬೋರ್ಡಿಗೂ ವೈರ್ ಇಲ್ಲೇನ್ರಿ? ಅಂಗಡಿ ಎಲ್ಲೈತ್ರಿ?"

"ರೋಣದಾಗ, ಹಿಂದಿನ ಓಣ್ಯಾಗ. ಗ್ವಾಡಿ ಆಚೆ ಯಾವನೋ ಕ್ಲಾಸ್ ನಡಸ್ತಾನ. ಭಾಳ ಸೊಕ್ಕಿನಾಂವ, ಅದಕ್ಕ ಮಾತಾಡಿಸಿಲ್ಲ."

ಒಂದೇ ಗೋಡೆ, ಒಂದೇ ನಮೂನೆಯ ವೈರಿಲ್ಲದ ಕೀಬೋರ್ಡು. ಅವರು ಹೊಡೆದದ್ದು ಗೋಡೆ ದಾಟಿ ನನ್ನ ಪರದೆಗೂ, ನಾನು ಹೊಡೆದದ್ದು ಅವರದಕ್ಕೂ ಹೋಗುತ್ತಿತ್ತು. ಬೆನ್ನಿಗೆ ಬೆನ್ನು ಹಚ್ಚಿ ಕೂತವರಿಗೆ ಗುರುತಾಗಲು ಬಸ್ಸು ಹತ್ತಿ ಗಜೇಂದ್ರಗಡಕ್ಕೇ ಬರಬೇಕಾಯಿತು!

೪. ಶಾಣ್ಯಾ ವಿದ್ಯಾರ್ಥಿ

ಸೋಮವಾರ ಚಾಚಾ ನನ್ನ ಕ್ಲಾಸಿಗೇ ಬಂದು ವೈರಿನ ಕೀಬೋರ್ಡ್ ಹಾಕಿಕೊಡುತ್ತಿದ್ದರು. ಬಾಗಿಲಲ್ಲಿ ಆ ಹುಡುಗಿಯ ಅಪ್ಪ ಬಂದು ನಿಂತ. ಕೈಯಲ್ಲಿ ಕಾರ್ಡು, ಅದರ ಅಡಿಯಲ್ಲಿ ನನ್ನ ಸವಾಲು ಅಚ್ಚಾಗಿತ್ತು. ಚಾಚಾ ಮೆಲ್ಲಗೆ ನನ್ನ ಬೆನ್ನ ಹಿಂದೆ ಸರಿದರು.

"ನಮ್ಮಪ್ಪನ ಹೆಸರ ಇಲ್ಲೇ ಮೂಡಿತ್ತಂತ, ಮಗಳು ಹೇಳಿದ್ಲು. ಈಗ ನೋಡಿದ್ರ ಈ ಕಾರ್ಡ್! ನಮ್ಮಪ್ಪ ಗರಡಿಮನಿ ಪೈಲವಾನ್ ಇದ್ದಾಂವ್ರಿ. ಖರೇ ಹೇಳತೀನಿ, ಇದು ಅವಂದ ಮಾತು. ಓದಿ ಊರಿಗೆ ಊರ ಉಣ್ಣಾಕ ಬಂತ್ರಿ!"

ವೈರಿನ ಸಂಗತಿ ಹೇಳಲು ಬಾಯಿ ತೆರೆದೆ. ಚಾಚಾ ಕಾಲು ತುಳಿದರು.

"ನಾಳಿಂದ ಮಗಳು, ಆಕಿ ಗೆಳತ್ಯಾರು, ಎಲ್ಲಾರೂ ಬರತಾರ. ಜೀವ ಇರೋತನಕ ಹೆಬ್ಬೆಟ್ಟ ಒತ್ತಿದ ಮನಷ್ಯಾಗ ಮಣ್ಣಾದ ಮ್ಯಾಲ ಟೈಪಿಂಗ್ ಕಲಿಸೀರಲ್ರಿ ಸರ!"

ನಾನು ಕಾಲರ್ ಸರಿ ಮಾಡಿಕೊಂಡೆ.

"ನಿಮ್ಮ ಅಪ್ಪಾರು ಭಾಳ ಶಾಣ್ಯಾರ್ರಿ. ಒಮ್ಮೆ ಹೇಳಿದ್ದಕ್ಕ ಹಿಡದ್ರು."