ಕ್ಲಚ್ಚಿಲ್ಲದ ಗಾಡಿ, ಮಾತಿಲ್ಲದ ಮನೆ

ಕೆಲವರ ಮನೆಗೆ ಹೇಳದೆ ಕೇಳದೆ ನೆಂಟರು ಬರ್ತಾರೆ, ನಮ್ಮ ಮನೆಗೆ ಪೇಚಾಟ ಬರ್ತಿತ್ತು. ಒಂದನ್ನ ಕಳಿಸಿ ಬಾಗಿಲು ಹಾಕೋಷ್ಟರಲ್ಲಿ ಇನ್ನೊಂದು ಜಗಲಿ ಮೇಲೆ ಕೂತಿರ್ತಿತ್ತು. ಆಗ ಕಣ್ಣೀರು ಹಾಕಿದೆ, ಬಯ್ದೆ, ಸೌಟು ಎಸೆದೆ. ಈಗ ನೆನೆಸಿಕೊಂಡ್ರೆ ನಗು ಬರುತ್ತೆ.

ನಾನು ಬೂದಿಗೆರೆ ಹುಡುಗಿ. ದೇವನಹಳ್ಳಿ ಪಕ್ಕದ ಹಳ್ಳಿಗೆ ಸೊಸೆಯಾಗಿ ಬಂದೆ. ಅತ್ತೆ ಆಗಲೇ ತೀರಿಕೊಂಡಿದ್ರು. ಮನೇಲಿ ಮಾವ, ನನ್ನ ಗಂಡ, ನಾನು, ಗೌರಿ ಅನ್ನೋ ಹಸು. ಕೊಟ್ಟಿಗೇಲಿ ಒಂದು ಜೊತೆ ಎತ್ತಿತ್ತು. ಕರುವಾಗಿದ್ದಾಗಿಂದ ಮಾವನೇ ಸಾಕಿದ್ದು. ಎರಡನೇ ಮಹಾಯುದ್ಧದಲ್ಲಿ ನನ್ನ ಗಂಡ ಮಿಲ್ಟ್ರಿ ಕ್ಯಾಂಪಿನಲ್ಲಿ ಡ್ರೈವರಾಗಿದ್ರು. ಯುದ್ಧ ಮುಗೀತು, ಮಿಲ್ಟ್ರಿಯವರು ಹಳೇ ಗಾಡಿಗಳನ್ನೆಲ್ಲ ಹರಾಜು ಹಾಕಿದ್ರು. ಒಂದು ದಿನ ನಮ್ಮ ಯಜಮಾನರು ಎತ್ತು ಹೊಡ್ಕೊಂಡು ಸಂತೆಗೆ ಹೋದೋರು ಅವನ್ನ ಮಾರಿ, ಹರಾಜಿನ ಗಾಡಿ ಹೊಡ್ಕೊಂಡು ವಾಪಸ್ಸು ಬಂದ್ಬಿಟ್ರು!

ಅದು ಯಾರೋ ಅಮೆರಿಕಾದ ಆಫೀಸರ್ ಕಾರು. ಹಿಂದಿನ ಅರ್ಧ ಯಾರೋ ಕೊಯ್ದು ಬಿಸಾಕಿದ್ರು. ಅಲ್ಲಿಗೆ ನಮ್ಮೂರ ಬಡಗಿ ಮರದ ತೊಟ್ಟಿ ಕೂರಿಸಿದ, ಪಿಕಪ್ಪಾಯ್ತು. ಅದಕ್ಕೆ ಕ್ಲಚ್ಚೇ ಇಲ್ಲ. ಗೇರು ತಾನೇ ಬದಲಾಯಿಸಿಕೊಳ್ಳುತ್ತೆ. ಇಂಜಿನ್ ಓಡ್ತಿರುವಾಗ ಸ್ಟೀರಿಂಗ್ ಕೆಳಗಿನ ಕಡ್ಡಿ ಒಂಚೂರು ಎಳೆದ್ರೆ ಸಾಕು, ಯಾರೂ ಏನೂ ತುಳೀದಿದ್ರೂ ತೆವಳಿಕೊಂಡು ಹೊರಟುಬಿಡುತ್ತೆ. ಬ್ರೇಕು ತುಳಿದ್ರೆ ಮಾತ್ರ ನಿಲ್ಲುತ್ತೆ.

ಮಾವ ಅವತ್ತಿಂದ ಮಗನ ಜೊತೆ ಮಾತು ಬಿಟ್ರು. ಗೌರಿ ಮುಂದೆ ನಿಂತು, ಮಗನಿಗೆ ಕೇಳಿಸೋ ಹಾಗೆ ಒಂದೇ ಮಾತು ಹೇಳಿದ್ರು: "ನೋಡೇ ಗೌರಿ, ಸಂಕ್ರಾಂತಿ ಸಂಜೆ ಕಿಚ್ಚು ಹಚ್ಚೋದರೊಳಗೆ ಈ ತಗಡು ನಮ್ಮ ತೋಟದ ಚಕ್ಕೋತ ತುಂಬಿಕೊಂಡು ಊರ ಗಡಿ ದಾಟಬೇಕು. ದಾಟಲಿಲ್ಲವೋ, ಗುಜರಿಗೆ ಹಾಕಿ ಎತ್ತು ತರ್ತೀನಿ."

ಆ ಕಾಲದಲ್ಲಿ ಸೊಸೆ ಮಾವನ ಎದುರು ನಿಂತು ಮಾತಾಡೋ ಹಾಗಿರಲಿಲ್ಲ. ಹಾಗಾಗಿ ಮಾವ ಹಸುವಿಗೆ ಹೇಳೋರು, ನಾನು ಬಾಗಿಲ ಹಿಂದೆ ನಿಂತು ಕೇಳಿ ಗಂಡನಿಗೆ ಹೇಳ್ತಿದ್ದೆ. ಅವರ ಉತ್ತರ ತಂದು ನಾನೂ ಹಸುವಿಗೇ ಹೇಳ್ತಿದ್ದೆ. ಪಾಪ, ಗೌರಿ ಮೇವು ತಿಂದಿದ್ದಕ್ಕಿಂತ ನಮ್ಮ ಮಾತು ಕೇಳಿದ್ದೇ ಹೆಚ್ಚು.

ಎಡಗಾಲು

ಹೊಸಕೋಟೆಯಿಂದ ಯಜಮಾನರ ಸ್ನೇಹಿತ ಒಬ್ಬ ಲಾರಿ ಡ್ರೈವರ್ ಬಂದ. ಮೀಸೆ ತಿರುವೋದರಲ್ಲೇ ಅರ್ಧ ದಿನ ಕಳೆಯೋ ಆಸಾಮಿ. "ಕ್ಲಚ್ಚಿಲ್ವಾ? ಕೊಡು ಗುರು ಇಲ್ಲಿ, ನಾನು ಓಡಿಸ್ದೇ ಇರೋ ಗಾಡಿ ಇನ್ನೂ ಹುಟ್ಟಿಲ್ಲ" ಅಂತ ಕೂತ. ಮಾವನ ಓರಗೆಯ ನಾಲ್ಕು ಜನ ಹಿರಿಯರು ತಾವೂ ಒಂದು ಸುತ್ತು ನೋಡೇಬಿಡೋಣ ಅಂತ ಪಂಚೆ ಎತ್ತಿಕಟ್ಟಿ ಹಿಂದಿನ ತೊಟ್ಟಿ ಹತ್ತಿದ್ರು.

ಗಾಡಿ ಹೊರಟಿತು. ಇಷ್ಟು ವರ್ಷ ಲಾರಿ ಓಡಿಸಿದ ಕಾಲು ಸುಮ್ನಿರುತ್ತಾ? ಸ್ವಲ್ಪ ವೇಗ ಬಂದ ತಕ್ಷಣ ಅವನ ಎಡಗಾಲು ಕ್ಲಚ್ಚು ಹುಡುಕಿಕೊಂಡು ಹೋಗಿ, ಅಲ್ಲೇ ಅಗಲವಾಗಿದ್ದ ಬ್ರೇಕನ್ನ ದಢಾರ್ ಅಂತ ತುಳೀತು. ಹಿಂದಿದ್ದ ಹಿರಿಯರೆಲ್ಲ ಒಬ್ಬರ ಮೇಲೊಬ್ಬರು! "ಅಯ್ಯೋ, ಕಾಲು ಮರೆತುಬಿಡ್ತು" ಅಂದ. ಮತ್ತೆ ಹೊರಟ, ಮತ್ತೆ ದಢಾರ್. ಒಬ್ಬರ ಪೇಟ ಇನ್ನೊಬ್ಬರ ಕೊರಳಲ್ಲಿ. "ಲೇ, ಇಳಿಸೋ ನಮ್ಮನ್ನ!" ಅಂತ ಅವರು ಕೂಗಿಕೊಂಡಾಗಲೆಲ್ಲ ನಿಲ್ಲಿಸೋಕೆ ಹೋಗಿ ಇನ್ನೊಂದು ಸಲ ಬೀಳಿಸಿದ.

ಕೊನೆಗೆ ನಮ್ಮ ಯಜಮಾನರು ಟವೆಲ್ ತಗೊಂಡು ಅವನ ಎಡಗಾಲನ್ನ ಸೀಟಿನ ಕಾಲಿಗೆ ಬಿಗಿದು ಕಟ್ಟಿದ್ರು. ಆಮೇಲೆ ನೋಡಿ, ಬೆಣ್ಣೆ ಮೇಲೆ ಹೋದ ಹಾಗೆ ಗಾಡಿ ಮನೆಗೆ ಬಂತು.

ಮಾವ ಜಗಲಿಯಿಂದ ಎಲ್ಲಾ ನೋಡಿದ್ರು. ಎದ್ದು ಕೊಟ್ಟಿಗೆಗೆ ಹೋದ್ರು. "ಗೌರಿ, ಎತ್ತಿಗೆ ಮೂಗುದಾರ ಹಾಕೋದು ನೋಡಿದ್ದೆ ಕಣೇ. ಗಾಡಿ ಹೊಡೆಯೋನ ಕಾಲು ಕಟ್ಟೋದು ಇವತ್ತೇ ನೋಡಿದ್ದು."

ಮಂಗಳಾರತಿ

ಆಯುಧಪೂಜೆಗೆ ಗಾಡಿಗೆ ಬಾಳೆಕಂದು, ಚೆಂಡು ಹೂವು, ಮೈತುಂಬ ಕುಂಕುಮ. ಬ್ಯಾಟರಿ ವೀಕು, ಆರಿಸಿದ್ರೆ ಮತ್ತೆ ಹತ್ತುತ್ತೋ ಇಲ್ಲವೋ ಅಂತ ಯಜಮಾನರು ಇಂಜಿನ್ ಓಡ್ತಾನೇ ಬಿಟ್ಟಿದ್ರು. ಪೂಜೆ ಮುಗಿದ ಕೂಡಲೇ ನಿಂಬೆಹಣ್ಣಿನ ಮೇಲೆ ಚಕ್ರ ಹಾಯಿಸಬೇಕಲ್ಲ, ಅದಕ್ಕೆ ಕಡ್ಡಿಯನ್ನೂ ಎಳೆದಿಟ್ಟು ಬ್ರೇಕು ತುಳಿದು ಕೂತಿದ್ರು.

ಎಲ್ಲಾ ಸರಿಯಾಗೇ ಇತ್ತು. ಪೂಜಾರಪ್ಪ ಗಾಡಿ ಮುಂದೆ ನಿಂತು ಮಂಗಳಾರತಿ ಎತ್ತಿದ್ರು, ಗಂಟೆ ಹೊಡೀತು. ನಮ್ಮ ಯಜಮಾನರಿಗೆ ಭಕ್ತಿ ಉಕ್ಕಿತು. ಮಂಗಳಾರತಿ ಹೊತ್ತಿನಲ್ಲಿ ಕಾಲಲ್ಲಿ ಚಪ್ಪಲಿ ಇಟ್ಕೋತಾರಾ ಯಾರಾದ್ರೂ? ಎರಡೂ ಕಾಲು ಎತ್ತಿ ಚಪ್ಪಲಿ ಕಳಚಿ, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ, ಕಣ್ಣುಮುಚ್ಚಿ ಕೈಮುಗಿದ್ರು.

ಗಾಡಿ ಹೊರಟಿತು. ನಿಂಬೆಹಣ್ಣು ಪಚಕ್ ಅಂತು. ಪೂಜಾರಪ್ಪ ಒಂದು ಹೆಜ್ಜೆ ಹಿಂದಕ್ಕಿಟ್ರು. ಆರತಿ ಮಧ್ಯದಲ್ಲಿ ನಿಲ್ಲಿಸೋ ಹಾಗಿಲ್ಲ, ಗಾಡಿಯೂ ನಿಲ್ಲೋ ಹಾಗಿಲ್ಲ. ಅವರು ಆರತಿ ಎತ್ತುತ್ತಾ ಹಿಂದೆ ಹಿಂದೆ, ಗಾಡಿ ಮುಂದೆ ಮುಂದೆ. ಮಂತ್ರ ಮೊದಲು ನಡೀತಿತ್ತು, ಆಮೇಲೆ ಓಡೋಕೆ ಶುರುವಾಯ್ತು. ಅವರ ಬೆನ್ನು ಹುಣಸೆಮರಕ್ಕೆ ತಾಗೋ ಹೊತ್ತಿಗೆ ನಾನು ಕಿಟಾರ್ ಅಂತ ಕಿರುಚಿದೆ, ಯಜಮಾನರು ಕಣ್ಣುಬಿಟ್ಟು ಬ್ರೇಕಿನ ಮೇಲೆ ಬಿದ್ರು.

ಆರತಿ ಮಾತ್ರ ಆರಿರಲಿಲ್ಲ. ಪೂಜಾರಪ್ಪ ಬೆವರು ಒರೆಸಿಕೊಂಡು, "ಬರೋ ವರ್ಷದಿಂದ ಇದಕ್ಕೆ ಹಿಂದುಗಡೆ ನಿಂತು ಪೂಜೆ ಮಾಡ್ತೀನಪ್ಪಾ" ಅಂದ್ರು.

ನಮ್ಮ ಯಜಮಾನರ ಬಾಯಿ ಸುಮ್ನಿರಬಾರದಾ? "ಹಿಂದಕ್ಕೂ ಬರುತ್ತೆ ಸ್ವಾಮಿ" ಅಂದ್ಬಿಟ್ರು.

ಸಾರಿನಲ್ಲಿ ಗಾಡಿ

ಅವರೆಕಾಯಿ ಕಾಲಕ್ಕೆ ಸರಿಯಾಗಿ ಗೇರ್ ಬಾಕ್ಸು ಕೈಕೊಟ್ಟಿತು. ಒಳಗೆ ಪಟ್ಟಿ ಸವೆದಿದೆಯಂತೆ. ಸುತ್ತಮುತ್ತ ಅದರ ಮೈ ಬಲ್ಲೋರು ಯಾರೂ ಇಲ್ಲ. "ನಾನೇ ಬಿಚ್ತೀನಿ" ಅಂತ ಯಜಮಾನರು ಪಡಸಾಲೆಯಲ್ಲೇ ಬಿಚ್ಚಿ ಹರವಿಬಿಟ್ರು. ನನ್ನ ಮೊರಗಳ ಮೇಲೆಲ್ಲ ಗಾಡಿಯ ಕರುಳು! ಎಣ್ಣೆ ಸೋಸೋಕೆ ನನ್ನ ಹಳೇ ಸೀರೆ, ತೊಳೆಯೋಕೆ ನಾನು ಅನ್ನ ಮಾಡೋ ಕೊಳದಪ್ಪಲೆ. ಸವೆದ ಪಟ್ಟಿಗೆ ರೈಸ್ ಮಿಲ್ಲಿನ ಹಳೇ ಬೆಲ್ಟು ಕೊಯ್ದು ಮೊಳೆ ಹೊಡೆದು, "ಈಗ ನೋಡು, ಅಮೆರಿಕಾದೋರು ಮಾಡಿದ್ದಕ್ಕಿಂತ ಗಟ್ಟಿ" ಅಂತ ಎದೆ ಉಬ್ಬಿಸಿದ್ರು.

ನನಗೆ ಸಿಟ್ಟು ಬಂದಿದ್ರೂ ಪಕ್ಕದಲ್ಲೇ ಅವರೆಕಾಳು ಬಿಡಿಸ್ತಾ ಕೇಳಿದೆ, "ಅಲ್ಲಾ, ಕ್ಲಚ್ಚಿಲ್ಲದೆ ಇಂಜಿನ್ನಿನ ಬಲ ಚಕ್ರಕ್ಕೆ ಹೆಂಗೆ ಹೋಗುತ್ತೆ?"

ಅವರು ಎರಡು ಬಟ್ಟಲು ಎದುರುಬದುರು ಹಿಡಿದು ತೋರಿಸಿದ್ರು. "ಇದು ಇಂಜಿನ್ ಕಡೇದು, ಇದು ಚಕ್ರದ ಕಡೇದು. ಒಂದನ್ನೊಂದು ಮುಟ್ಟೋದೇ ಇಲ್ಲ. ಮಧ್ಯೆ ಎಣ್ಣೆ ಇರುತ್ತೆ. ಇದು ತಿರುಗಿದ್ರೆ ಎಣ್ಣೆ ತಿರುಗುತ್ತೆ, ಎಣ್ಣೆ ಅದನ್ನ ತಿರುಗಿಸುತ್ತೆ. ಬಿಸಿಯೆಲ್ಲ ಎಣ್ಣೆಗೇ."

ನನ್ನ ಕೈಯಲ್ಲಿದ್ದ ಅವರೆಕಾಯಿ ಹಾಗೇ ನಿಂತಿತು. ಒಂದನ್ನೊಂದು ಮುಟ್ಟದ ಎರಡು ನಮ್ಮ ಮನೇಲೂ ಇದ್ವು. ಮಧ್ಯೆ ಕುದೀತಿರೋಳು ನಾನು. ಅಪ್ಪನಿಗೆ ಮಗನ ಮುಖ ಬೇಕು, ಮಗನಿಗೆ ಅಪ್ಪನ ಮಾತು ಬೇಕು, ಇಬ್ಬರಿಗೂ ಬಿಗುಮಾನ. ಕಣ್ಣು ತುಂಬಿ ಬಂತು. ಸೆರಗಲ್ಲಿ ಒರೆಸಿಕೊಂಡು ಮೊರ ಎತ್ತಿಕೊಂಡು ಒಳಗೆ ಹೋದೆ.

ಮಧ್ಯಾಹ್ನ ಯಜಮಾನರು ಗಾಬರಿಬಿದ್ದು ಪಡಸಾಲೆಯೆಲ್ಲ ತಡಕಾಡ್ತಿದ್ರು. ಗೇರ್ ಬಾಕ್ಸಿನ ಒಂದು ಉಕ್ಕಿನ ಗುಂಡು ಕಾಣ್ತಿಲ್ಲ, ಅದಿಲ್ಲದೆ ಗಾಡಿ ಜನ್ಮದಲ್ಲಿ ಹೊರಡಲ್ಲ ಅಂತ. ಅತ್ತ ಮಾವ ಮುದ್ದೆ ಮುರಿದು ಅವರೆಕಾಳು ಸಾರಿನಲ್ಲಿ ಅದ್ದಿ ನುಂಗ್ತಿದ್ರು. ಕಾಳು ಅಗಿಯೋಕೆ ಹೋದಾಗ ಕಟಕ್!

ಮಾವ ಬಾಯಿಂದ ಗುಂಡು ತೆಗೆದು, ತೊಳೆದು, ಬೆಳಕಿಗೆ ಹಿಡಿದು ನೋಡಿದ್ರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಅವರು ಬಯ್ಯಲಿಲ್ಲ. ಕೊಟ್ಟಿಗೆ ಕಡೆ ತಿರುಗಿ, "ಗೌರಿ, ಸಾರೇನೋ ಚೆನ್ನಾಗಿದೆ. ಗಾಡಿ ಮಾತ್ರ ಸರಿಯಾಗಿ ಬೆಂದಿಲ್ಲ ಅಂತ ಹೇಳು" ಅಂದ್ರು.

ಸಂಕ್ರಾಂತಿ

ಆ ದಿನ ಬಂದೇ ಬಂತು. ಊರೆಲ್ಲ ಎತ್ತಿನ ಮೈ ತೊಳೆಯೋರೇ, ಕೊಂಬಿಗೆ ಬಣ್ಣ ಹಚ್ಚೋರೇ. ಊರ ಗಡೀಲಿ ದನಗಳನ್ನ ಕಿಚ್ಚು ಹಾಯಿಸೋಕೆ ರಸ್ತೆಗೆ ಅಡ್ಡಲಾಗಿ ಹುಲ್ಲು ಹರವಿದ್ರು. ನಮ್ಮ ಕೊಟ್ಟಿಗೇಲಿ ಗೌರಿ ಒಬ್ಬಳೇ.

ತೋಟದ ಚಕ್ಕೋತವೆಲ್ಲ ತೊಟ್ಟಿಗೆ ತುಂಬಿದ್ದಾಯ್ತು. ಸಂಜೆ ಹೊರಟ್ರೆ ಬೆಳಗಿನ ಮಾರ್ಕೆಟ್ಟಿಗೆ ಬೆಂಗಳೂರು. ಮಧ್ಯಾಹ್ನ ಒಂದು ಸಲ ನೋಡೋಣ ಅಂತ ಯಜಮಾನರು ಇಂಜಿನ್ ಶುರುಮಾಡಿ ಕಡ್ಡಿ ಎಳೆದ್ರು. ಇಂಜಿನ್ ಊರಿಗೆಲ್ಲ ಕೇಳೋ ಹಾಗೆ ಬೊಬ್ಬೆ ಹೊಡೀತು, ಗಾಡಿ ಮಾತ್ರ ಕದಲಲಿಲ್ಲ. ಅವರ ಮುಖ ಬೂದಿಯಾಯ್ತು. ಕೆಳಗೆ ನುಗ್ಗಿ ಗೇರ್ ಬಾಕ್ಸಿನ ಎಣ್ಣೆ ಬಿಟ್ರೆ ಕರ್ರಗೆ, ದಪ್ಪಗೆ, ಅಂಟಂಟು. ಮೂಸಿ ನೋಡಿ ಕೂಗಿದ್ರು, "ಹರಳೆಣ್ಣೆ! ಇದರ ಹೊಟ್ಟೆಗೆ ಕೀಲೆಣ್ಣೆ ಹಾಕಿದೋರು ಯಾರೇ?"

ನನಗೆ ಗೊತ್ತಿತ್ತು. ಬೆಳಿಗ್ಗೆ ಮಾವ ಗಾಡಿ ಮೈಯೆಲ್ಲ ತೊಳೆದು, ಅರಿಶಿನ ಹಚ್ಚಿ, ಎತ್ತಿನಗಾಡಿಯ ಕೀಲಿಗೆ ಹಾಕೋ ಎಣ್ಣೆಯ ಬೊಂಬು ಹಿಡಿದು ಒಳಗೆ ಬಗ್ಗಿದ್ದನ್ನ ಕಂಡಿದ್ದೆ. ಮಗ ಎಣ್ಣೆ ಹಾಕೋ ಮುಚ್ಚಳ ಯಾವುದು ಅಂತ ಜಗಲಿಯಿಂದಲೇ ನೋಡಿಟ್ಟುಕೊಂಡಿದ್ರು. ನಾನು ಬಾಯಿ ಬಿಡೋಕೆ ಮುಂಚೆ ಕೊಟ್ಟಿಗೆಯಿಂದ ದನಿ ಬಂತು.

"ಗೌರಿ, ಹಬ್ಬದ ದಿನ ಎಣ್ಣೆ ಹಚ್ಚೋಣ ಅಂದ್ರೆ ನನಗೆ ಎತ್ತೆಲ್ಲಿದೆ ಹೇಳು? ಅದಕ್ಕೇ ಇದಕ್ಕೊಂದಿಷ್ಟು ಹಾಕಿದೆ. ದೂರ ಹೋಗಬೇಕಲ್ಲ, ಒಣ ಕೀಲಲ್ಲಿ ಹೋದ್ರೆ ಪಾಪ, ಅದಕ್ಕೂ ನೋವಲ್ವಾ?"

ಸ್ಪ್ಯಾನರ್ ಎತ್ತಿ ನಿಂತಿದ್ದ ಯಜಮಾನರು ಹಾಗೇ ಕುಕ್ಕರುಬಡಿದ್ರು. ನನ್ನ ಗಂಡ ಅತ್ತಿದ್ದನ್ನ ನಾನು ನೋಡಿದ್ದು ಅವತ್ತೇ. ಆಮೇಲೆ ಸೀಮೆಎಣ್ಣೆಯಲ್ಲಿ ಎಲ್ಲ ತೊಳೆದು, ಡಬ್ಬಿಯಲ್ಲಿ ಉಳಿದಿದ್ದ ತೆಳು ಎಣ್ಣೆ ತುಂಬಿದ್ರು.

ಹೊತ್ತು ಮುಳುಗ್ತಾ ಬಂತು. ಗಡೀಲಿ ಜನ ಪಂಜು ಹಿಡಿದು ನಿಂತಿದ್ರು. ಇಂಜಿನ್ ಬಿಸಿಯಾಗಲಿ ಅಂತ ಓಡ್ತಾ ಬಿಟ್ಟು, ಯಜಮಾನರು ಕೈ ತೊಳೆಯೋಕೆ ಹಿತ್ತಲಿಗೆ ಹೋದ್ರು. ನಾನು ಬಾಗಿಲಲ್ಲಿ ನಿಂತಿದ್ದೆ. ಮಾವ ಆಕಡೆ ಈಕಡೆ ನೋಡಿದ್ರು, ಮೆಲ್ಲಗೆ ಗಾಡಿ ಹತ್ತಿ ಸ್ಟೀರಿಂಗ್ ಮುಂದೆ ಕೂತ್ರು. ಎತ್ತಿನ ಬೆನ್ನು ಸವರೋ ಹಾಗೆ ಅದನ್ನೆಲ್ಲ ಸವರಿದ್ರು. ಸವರ್ತಾ ಸವರ್ತಾ ಕಡ್ಡೀನೂ ಸವರಿದ್ರು.

ಗಾಡಿ ಹೊರಟಿತು.

"ಹೋ... ಹೋ..." ಅಂದ್ರು ಮಾವ. ಎತ್ತಾಗಿದ್ರೆ ನಿಲ್ತಿತ್ತು. ಸ್ಟೀರಿಂಗನ್ನ ಹಗ್ಗದ ಹಾಗೆ ಎದೆಗೆ ಎಳ್ಕೊಂಡ್ರು. ಇಳಿಜಾರು ಸಿಕ್ಕಿ ಗಾಡಿಗೆ ಇನ್ನೂ ಹುರುಪು ಬಂತು. ನಾನು ಮಾನಮರ್ಯಾದೆಯೆಲ್ಲ ಬಿಟ್ಟು ಬೀದಿಗೆ ಓಡಿ, "ಮಾವಾ! ಕಾಲಡಿ ಅಗಲವಾಗಿರೋದನ್ನ ತುಳೀರಿ ಮಾವಾ!" ಅಂತ ಕೂಗಿದೆ. ಸೊಸೆ ಎದುರಿಗೆ ಬಂದು ಮಾತಾಡಿದಳಲ್ಲ ಅಂತ ಆ ಮಹಾನುಭಾವರು ಸಂಕೋಚದಿಂದ ಮುಖ ಆಕಡೆ ತಿರುಗಿಸಿಕೊಂಡ್ರು!

ಕೊನೆಗೆ ಆ ಗಂಟಲಿಂದ ಬಂದೇಬಿಡ್ತು, "ಲೇ ಮಗನೇ! ಓಡಿ ಬಾರೋ! ನಿಲ್ಲಿಸೋ ಇದನ್ನ!"

ಯಜಮಾನರು ಒದ್ದೆ ಕೈಯಲ್ಲೇ ಓಡಿಬಂದು ಗಾಡಿ ಪಕ್ಕದಲ್ಲಿ ಓಡ್ತಾ ಕೇಳ್ತಾರೆ, "ಯಾರಿಗೆ ಹೇಳಿದ್ದಪ್ಪಾ? ನನಗಾ, ಗೌರಿಗಾ?"

"ನಿನಗೇ ಕಣೋ! ನಿನಗೇ!"

"ಇನ್ನೊಂದು ಸಲ ಹೇಳಪ್ಪಾ!"

"ಅಯ್ಯೋ ನನ್ನಪ್ಪಾ, ನಿನಗೇ ಕಣೋ!"

ಪಂಜಿನೋರು ಚೆಲ್ಲಾಪಿಲ್ಲಿಯಾದ್ರು. ಗಾಡಿ ಇನ್ನೂ ಕಿಚ್ಚು ಹಚ್ಚದ ಹುಲ್ಲಿನ ಮೇಲೆ ಹಾದು ಆಚೆ ಹೋಯ್ತು. ಆಗ ಯಜಮಾನರು ಹಾರಿ ಹತ್ತಿ, ಮಾವನ ಕಾಲಿನ ಮೇಲೆ ತಮ್ಮ ಕಾಲಿಟ್ಟು ಇಬ್ಬರ ಕಾಲಲ್ಲೂ ಸೇರಿಸಿ ಬ್ರೇಕು ತುಳಿದ್ರು.

ನಾನು ಏದುಸಿರು ಬಿಡ್ತಾ ಹೋಗಿ ನೋಡ್ತೀನಿ, ಅಪ್ಪ ಮಗ ಒಂದೇ ಸೀಟಲ್ಲಿ ಒತ್ತಿಕೊಂಡು ಕೂತಿದ್ದಾರೆ. ಮಾವ ಜಾರಿದ ಪೇಟ ಸರಿಮಾಡಿಕೊಂಡು ಹಿಂದೆ ತಿರುಗಿ ಹುಲ್ಲನ್ನೂ, ತೊಟ್ಟೀಲಿದ್ದ ಚಕ್ಕೋತಾನೂ ನೋಡಿದ್ರು.

"ಏನೋ, ಗಡಿ ದಾಟಿತಾ?"

"ದಾಟಿತಪ್ಪಾ. ನೀನೇ ದಾಟಿಸಿದೆ."

"ಮತ್ತೆ ಯಾಕೋ ನಿಲ್ಲಿಸಿದೆ? ನಡಿ ಮಾರ್ಕೆಟ್ಟಿಗೆ!"